ಗಾಯದ ವರ್ಷದಲ್ಲಿ ರೂಪುಗೊಂಡ ಕೋಚ್: ಬೆಕಿ ಹ್ಯಾಮನ್ ಪ್ರಕರಣ, ಕಲಬುರಗಿಯ ಅಂಗಳದಿಂದ ನೋಡಿದಂತೆ

ಅಮೆರಿಕದ ಮಹಿಳಾ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಡಬ್ಲ್ಯುಎನ್‌ಬಿಎಯಲ್ಲಿ ಸ್ಯಾನ್ ಆಂಟೋನಿಯೊ ಸಿಲ್ವರ್ ಸ್ಟಾರ್ಸ್ ತಂಡದ ಪಾಯಿಂಟ್ ಗಾರ್ಡ್, ಅಂದರೆ ಚೆಂಡನ್ನು ಮುಂದೊಯ್ದು ಆಟವನ್ನು ನಡೆಸುವ ಆಟಗಾರ್ತಿ, ಆಗಿದ್ದ ಬೆಕಿ ಹ್ಯಾಮನ್ ಅವರ ಮೊಣಕಾಲಿನ ಎಸಿಎಲ್ ಅಸ್ಥಿಬಂಧ 2013ರ ಜುಲೈನಲ್ಲಿ ಪಂದ್ಯದ ನಡುವೆಯೇ ಹರಿಯಿತು. ಆಗ ಅವರಿಗೆ 36 ವರ್ಷ. 2014ರ ಆಗಸ್ಟ್ 5ರಂದು ಅದೇ ಊರಿನ ಪುರುಷರ ತಂಡವಾದ ಸ್ಯಾನ್ ಆಂಟೋನಿಯೊ ಸ್ಪರ್ಸ್ ಅವರನ್ನು ಸಹಾಯಕ ಕೋಚ್ ಆಗಿ ನೇಮಿಸಿಕೊಂಡಿತು. ಅಮೆರಿಕದ ಪುರುಷರ ವೃತ್ತಿಪರ ಲೀಗ್ ಆದ ಎನ್‌ಬಿಎಯಲ್ಲಿ ಪೂರ್ಣಾವಧಿಯ, ಸಂಬಳವುಳ್ಳ ಸಹಾಯಕ ಕೋಚ್ ಹುದ್ದೆಗೆ ಬಂದ ಮೊದಲ ಮಹಿಳೆ ಅವರು. ಈ ಎರಡು ಘಟನೆಗಳ ನಡುವಿನ ಸುಮಾರು 13 ತಿಂಗಳುಗಳೇ ಈ ಅಧ್ಯಯನದ ತಿರುಳು. ಅದಕ್ಕೂ ಹಿಂದಿನ ಆಟದ ಬದುಕು ಮತ್ತು ಆಮೇಲಿನ ಪ್ರಶಸ್ತಿಗಳು ಆ ಅವಧಿಯನ್ನು ಅರ್ಥ ಮಾಡಿಕೊಳ್ಳಲು ಎಷ್ಟು ಬೇಕೋ ಅಷ್ಟೇ ಇಲ್ಲಿ ಬರುತ್ತವೆ.

ಇದನ್ನು ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಹುಡುಗಿಯರಿಗೆ ಬ್ಯಾಸ್ಕೆಟ್‌ಬಾಲ್ ಕಲಿಸುತ್ತಿರುವ ದೈಹಿಕ ಶಿಕ್ಷಣ ಶಿಕ್ಷಕರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಕಾರಣ ಹತ್ತಿರದ್ದೇ. ನಾನು ಕಲಬುರಗಿಯ ಮಹಿಳಾ ಕಾಲೇಜೊಂದರ ತಂಡವನ್ನು ನೋಡಿಕೊಳ್ಳುತ್ತೇನೆ. ಜೇವರ್ಗಿ ತಾಲ್ಲೂಕಿನ ಹಳ್ಳಿಯೊಂದರಿಂದ ಬಂದ ನಮ್ಮ ಪಾಯಿಂಟ್ ಗಾರ್ಡ್ ಅಂತರ ಕಾಲೇಜು ಪಂದ್ಯದಲ್ಲಿ ಬುಟ್ಟಿಗೆ ಬೀಳದೆ ಪುಟಿದ ಚೆಂಡನ್ನು ಹಿಡಿಯಲು (ರಿಬೌಂಡ್‌ಗೆ) ಜಿಗಿದು ಇಳಿಯುವಾಗ ಮೊಣಕಾಲು ಒಳಕ್ಕೆ ಮಡಚಿ ಬಿದ್ದಳು, ಸ್ಕ್ಯಾನಿಂಗ್‌ನಲ್ಲಿ ಎಸಿಎಲ್ ಹರಿದಿರುವುದು ಕಂಡುಬಂತು. ಮನೆಯವರು, ಜೊತೆಯ ಹುಡುಗಿಯರು, ಕೆಲವು ಸಹೋದ್ಯೋಗಿಗಳು ಕೂಡ ಒಂದೇ ಮಾತು ಹೇಳಿದರು: "ಇನ್ನ ಆಟ ಮುಗೀತಲ್ರೀ." ಆಟ ಆಡುವುದು ನಿಂತರೆ ಆಟದೊಂದಿಗಿನ ಸಂಬಂಧವೂ ಮುಗಿಯಿತು ಎಂಬ ಈ ತಿಳಿವಳಿಕೆಯಿಂದ ನಮ್ಮ ಭಾಗ ಎಷ್ಟು ಕೋಚ್‌ಗಳನ್ನು ಕಳೆದುಕೊಂಡಿದೆ ಎಂಬ ಯೋಚನೆ ನನ್ನನ್ನು ಹ್ಯಾಮನ್ ಅವರ ಪ್ರಕರಣದ ಕಡೆಗೆ ಕರೆದೊಯ್ದಿತು.

ಆಟಗಾರ್ತಿಯಾಗಿ

ಹ್ಯಾಮನ್ ಹುಟ್ಟಿದ್ದು 1977ರಲ್ಲಿ, ಸೌತ್ ಡಕೋಟ ರಾಜ್ಯದ ರ್ಯಾಪಿಡ್ ಸಿಟಿ ಎಂಬ, ದೊಡ್ಡ ನಗರಗಳಿಂದ ಬಹುದೂರದ ಊರಿನಲ್ಲಿ. ಎತ್ತರ ಐದು ಅಡಿ ಆರು ಇಂಚು. ನೆಲದಿಂದ ಹತ್ತು ಅಡಿ ಎತ್ತರದಲ್ಲಿರುವ ಬುಟ್ಟಿಯ ಕೆಳಗೆ ಆರು ಅಡಿ ಮೀರಿದವರ ನಡುವೆ ಆಡಬೇಕಾದ ಆಟದಲ್ಲಿ ಇದು ಕಡಿಮೆಯೇ. ಕೊಲರಾಡೊ ಸ್ಟೇಟ್ ವಿಶ್ವವಿದ್ಯಾಲಯದ ತಂಡದಲ್ಲಿ ಅವರು ದೇಶದ ಅತ್ಯುತ್ತಮ ಕಾಲೇಜು ಆಟಗಾರ್ತಿಯರಿಗೆ ಸಲ್ಲುವ ಆಲ್ ಅಮೆರಿಕನ್ ಗೌರವವನ್ನು ಮೂರು ಬಾರಿ ಪಡೆದರು. ಆದರೂ ತಂಡಗಳು ಸರದಿಯಂತೆ ಹೊಸ ಆಟಗಾರ್ತಿಯರನ್ನು ಆರಿಸಿಕೊಳ್ಳುವ 1999ರ ಡಬ್ಲ್ಯುಎನ್‌ಬಿಎ ಡ್ರಾಫ್ಟ್‌ನಲ್ಲಿ ಯಾವ ತಂಡವೂ ಅವರನ್ನು ಆಯ್ದುಕೊಳ್ಳಲಿಲ್ಲ. ಅದಕ್ಕೆ ಹಿಂದಿನ ಡಿಸೆಂಬರ್‌ನಲ್ಲಿ ಎಬಿಎಲ್ ಎಂಬ ಇನ್ನೊಂದು ಮಹಿಳಾ ಲೀಗ್ ಮುಚ್ಚಿಹೋಗಿ, ಅಲ್ಲಿನ ಅನೇಕ ಅನುಭವಿ ಆಟಗಾರ್ತಿಯರು ಅದೇ ಡ್ರಾಫ್ಟ್‌ಗೆ ಬಂದಿದ್ದರು. ಹಾಗಾಗಿ ಕಾಲೇಜಿನಿಂದ ಹೊರಬಂದ ಕುಳ್ಳ ಗಾರ್ಡ್‌ಗೆ ಜಾಗ ಉಳಿಯಲಿಲ್ಲ.

ನ್ಯೂಯಾರ್ಕ್ ಲಿಬರ್ಟಿ ತಂಡದ ತರಬೇತಿ ಶಿಬಿರಕ್ಕೆ ಹೋಗಿ, ಅಲ್ಲಿ ಆಡಿ ತೋರಿಸಿ ಅವರು ತಂಡದೊಳಗೆ ಬಂದರು. ಮೊದಲ ವರ್ಷಗಳಲ್ಲಿ ತೆರೇಸಾ ವೆದರ್‌ಸ್ಪೂನ್ ಎಂಬ ಹಿರಿಯ ಪಾಯಿಂಟ್ ಗಾರ್ಡ್‌ನ ಹಿಂದೆ ಬದಲಿಯಾಗಿ ಕಾದರು. ಕೋಚಿಂಗ್ ದೃಷ್ಟಿಯಿಂದ ಈ ಕಾಯುವಿಕೆಯನ್ನು ಗಮನಿಸಬೇಕು ಎಂಬುದು ನನ್ನ ಅಭಿಪ್ರಾಯ. ಹುಟ್ಟಾ ಎತ್ತರವುಳ್ಳ, ಮೊದಲ ದಿನದಿಂದಲೇ ಆಡಿದ ಆಟಗಾರ್ತಿಗೆ ತಾನು ಮಾಡುವುದನ್ನು ಬಿಡಿಸಿ ಹೇಳುವ ಅಗತ್ಯ ಬರುವುದೇ ಇಲ್ಲ. ಬೆಂಚಿನಲ್ಲಿ ಕೂತು, ಎದುರಾಳಿಯ ಹೆಜ್ಜೆ ಯಾವ ಕಡೆಗೆ ಹೋಗುತ್ತದೆ ಎಂದು ಮುಂಚಿತವಾಗಿ ಊಹಿಸಿ, ಎತ್ತರದ ಕೊರತೆಯನ್ನು ಕೋನ ಮತ್ತು ವೇಗದಿಂದ ತುಂಬಿಕೊಳ್ಳಬೇಕಾದವಳು ಆಟವನ್ನು ಬಿಡಿಬಿಡಿಯಾಗಿ ನೋಡುವುದನ್ನು ಅನಿವಾರ್ಯವಾಗಿ ಕಲಿಯುತ್ತಾಳೆ.

2007ರಲ್ಲಿ ಅವರು ಸ್ಯಾನ್ ಆಂಟೋನಿಯೊಗೆ ವರ್ಗವಾದರು, ಅದೇ ವರ್ಷ ಲೀಗ್‌ನಲ್ಲಿ ಪಂದ್ಯಕ್ಕೆ ಅತಿ ಹೆಚ್ಚು ಅಸಿಸ್ಟ್ (ಜೊತೆಗಾರ್ತಿಯ ಅಂಕಕ್ಕೆ ದಾರಿಯಾಗುವ ಪಾಸ್) ಕೊಟ್ಟವರಾದರು. 2008ರಲ್ಲಿ ತಂಡ ಫೈನಲ್ ತಲುಪಿ, ಬಿಲ್ ಲಾಂಬೀರ್ ಕೋಚ್ ಆಗಿದ್ದ ಡೆಟ್ರಾಯ್ಟ್ ಶಾಕ್ ತಂಡದ ಎದುರು ಮೂರೂ ಪಂದ್ಯ ಸೋತಿತು. ಅದೇ ವರ್ಷದ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅವರು ರಷ್ಯಾ ಪರವಾಗಿ ಆಡಿದ್ದು ಸ್ವದೇಶದಲ್ಲಿ ಕಟು ಟೀಕೆಗೆ ಗುರಿಯಾಯಿತು. ಅಮೆರಿಕದ ತಂಡದಲ್ಲಿ ಅವಕಾಶದ ಸೂಚನೆ ಕಾಣದಿದ್ದಾಗ, ತಾವು ಚಳಿಗಾಲದಲ್ಲಿ ಕ್ಲಬ್ ಆಟ ಆಡುತ್ತಿದ್ದ ದೇಶದ ಪೌರತ್ವ ಪಡೆದು ಅವರು ಒಲಿಂಪಿಕ್ಸ್‌ಗೆ ಹೋಗಿದ್ದರು. ರಷ್ಯಾ ಕಂಚು ಗೆದ್ದಿತು. 16 ಋತುಗಳ ವೃತ್ತಿಯಲ್ಲಿ ಆರು ಬಾರಿ ಆಲ್ ಸ್ಟಾರ್ ಆದ, ಅಂದರೆ ಲೀಗ್‌ನ ಶ್ರೇಷ್ಠರ ತಂಡಕ್ಕೆ ಆಯ್ಕೆಯಾದ, ಅವರಿಗೆ ಆಟಗಾರ್ತಿಯಾಗಿ ಡಬ್ಲ್ಯುಎನ್‌ಬಿಎ ಪ್ರಶಸ್ತಿ ಒಮ್ಮೆಯೂ ದಕ್ಕಲಿಲ್ಲ.

ಭಾರತದ ಓದುಗರಿಗಾಗಿ ಇಲ್ಲಿ ಒಂದು ಮಾತು ಸೇರಿಸಬೇಕು. ಕೇರಳದ ಗೀತು ಅನ್ನಾ ಜೋಸ್ 2011ರಲ್ಲಿ ಡಬ್ಲ್ಯುಎನ್‌ಬಿಎ ಆಯ್ಕೆ ಪರೀಕ್ಷೆಗೆಂದು ಅಮೆರಿಕಕ್ಕೆ ಹೋದಾಗ ಅವರನ್ನು ಪರೀಕ್ಷಿಸಿದ ತಂಡಗಳಲ್ಲಿ ಹ್ಯಾಮನ್ ಆಡುತ್ತಿದ್ದ ಸ್ಯಾನ್ ಆಂಟೋನಿಯೊ ಕೂಡ ಒಂದು. ದಕ್ಷಿಣ ರೈಲ್ವೆಯ ಈ ಆಟಗಾರ್ತಿಗೆ ಆಯ್ಕೆ ಸಿಗಲಿಲ್ಲ, ಆದರೆ ನಮ್ಮ ಹುಡುಗಿಯರಿಗೆ ಈ ಲೀಗ್ ಎಲ್ಲೋ ಇರುವ ಬೇರೆಯದೇ ಲೋಕ ಎಂದು ಹೇಳಬೇಕಾಗಿಲ್ಲ ಎಂಬುದಕ್ಕೆ ಈ ಒಂದು ಪ್ರಯತ್ನವೇ ಸಾಕು.

13 ತಿಂಗಳು

ಗಾಯಕ್ಕೆ ಮೊದಲೇ ಒಂದು ಪರಿಚಯವಾಗಿತ್ತು. 2012ರ ಲಂಡನ್ ಒಲಿಂಪಿಕ್ಸ್‌ನಿಂದ ಮರಳುವ ವಿಮಾನದಲ್ಲಿ ಹ್ಯಾಮನ್ ಮತ್ತು ಸ್ಪರ್ಸ್ ತಂಡದ ಮುಖ್ಯ ಕೋಚ್ ಗ್ರೆಗ್ ಪೊಪೊವಿಚ್ ಅಕ್ಕಪಕ್ಕ ಕೂತು ದೀರ್ಘವಾಗಿ ಮಾತನಾಡಿದ್ದರು. ಆ ಮಾತುಕತೆಯಲ್ಲಿ ಬ್ಯಾಸ್ಕೆಟ್‌ಬಾಲ್‌ಗಿಂತ ಲೋಕದ ಬೇರೆ ವಿಷಯಗಳೇ ಹೆಚ್ಚಾಗಿದ್ದವು ಎಂದು ಇಬ್ಬರೂ ನಂತರ ನೆನೆದಿದ್ದಾರೆ.

ಎಸಿಎಲ್ ಹರಿದ ಮೇಲೆ ಶಸ್ತ್ರಚಿಕಿತ್ಸೆ, ನಂತರ ಸಾಮಾನ್ಯವಾಗಿ ಒಂಬತ್ತರಿಂದ ಹನ್ನೆರಡು ತಿಂಗಳ ಪುನಶ್ಚೇತನ. ಈ ಕಾಲದಲ್ಲಿ ಹ್ಯಾಮನ್ ಅವರು ಚಳಿಗಾಲದ ಕ್ಲಬ್ ಆಟಕ್ಕೆ ವಿದೇಶಕ್ಕೆ ಹೋಗುವಂತಿರಲಿಲ್ಲ, ಊರಿನಲ್ಲೇ ಉಳಿಯಬೇಕಿತ್ತು. ಸ್ಪರ್ಸ್ ಅಭ್ಯಾಸಗಳನ್ನು ಬಂದು ನೋಡಬಹುದೇ ಎಂಬ ಕೋರಿಕೆಗೆ ಒಪ್ಪಿಗೆ ಸಿಕ್ಕಿತು. ಇಲ್ಲಿ ನಡೆದದ್ದು ಬರಿಯ ನೋಡುವಿಕೆ ಆಗಿರಲಿಲ್ಲ. ಅವರು ಅಭ್ಯಾಸದ ಅಂಗಳದ ಜೊತೆಗೆ ವಿಡಿಯೊ ವಿಶ್ಲೇಷಣೆಯ ಕೋಣೆಯೊಳಗೂ, ಕೋಚ್‌ಗಳ ಸಭೆಯೊಳಗೂ ಕೂತರು. ಪೊಪೊವಿಚ್ ಹ್ಯಾಮನ್ ಅವರ ಅಭಿಪ್ರಾಯ ಕೇಳುತ್ತಿದ್ದರು, ಹ್ಯಾಮನ್ ಹೇಳುತ್ತಿದ್ದರು, ಒಪ್ಪದಿದ್ದಾಗ ಒಪ್ಪುವುದಿಲ್ಲ ಎಂದೂ ಹೇಳುತ್ತಿದ್ದರು. ಆ ಋತುವಿನಲ್ಲಿ, ಅಂದರೆ 2014ರ ಜೂನ್‌ನಲ್ಲಿ, ಸ್ಪರ್ಸ್ ಎನ್‌ಬಿಎ ಚಾಂಪಿಯನ್ ಆಯಿತು. ಚೆಂಡನ್ನು ಕೈಯಿಂದ ಕೈಗೆ ವೇಗವಾಗಿ ದಾಟಿಸುತ್ತ ಎದುರಾಳಿಯ ರಕ್ಷಣೆಯನ್ನು ಬಿಡಿಸಿಹಾಕುವ ಆ ತಂಡದ ಶೈಲಿ ಇಂದಿಗೂ ತರಬೇತಿ ತರಗತಿಗಳಲ್ಲಿ ಪಾಠವಾಗಿ ಬಳಕೆಯಲ್ಲಿದೆ. ಆ ಶೈಲಿ ಹೇಗೆ ಯೋಚಿಸಲ್ಪಡುತ್ತದೆ ಎಂಬುದನ್ನು ಹ್ಯಾಮನ್ ಒಳಗಿನಿಂದ ಕಂಡರು.

2014ರಲ್ಲಿ ಅವರು ಮತ್ತೆ ಆಡಲು ಇಳಿದರು, ಜುಲೈನಲ್ಲಿ ಅದೇ ತಮ್ಮ ಕೊನೆಯ ಋತು ಎಂದು ಪ್ರಕಟಿಸಿದರು, ಎರಡೇ ವಾರದಲ್ಲಿ ಸ್ಪರ್ಸ್ ನೇಮಕ ಹೊರಬಿತ್ತು. ಹೊರಗಿನವರಿಗೆ ಇದು ಥಟ್ಟನೆ ತೆರೆದ ಬಾಗಿಲಿನಂತೆ ಕಂಡಿತು. ಒಳಗೆ ಅದೊಂದು ಇಡೀ ಋತುವಿನ ಕಲಿಕೆಯ ಫಲಿತಾಂಶವಾಗಿತ್ತು.

ಈ ಪ್ರಕರಣದಲ್ಲಿ ನಾನು ಹೆಚ್ಚು ತೂಕ ಕೊಡುವುದು ಇಲ್ಲಿಗೇ. ಪ್ರಸಿದ್ಧ ಆಟಗಾರ ಸಹಜವಾಗಿಯೇ ಒಳ್ಳೆಯ ಕೋಚ್ ಆಗುತ್ತಾನೆ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ರಾಜ್ಯ ಮಟ್ಟದಲ್ಲಿ ಆಡಿದ್ದಾರೆ ಎಂಬ ಒಂದೇ ಕಾರಣಕ್ಕೆ ತಂಡವನ್ನು ಅವರ ಕೈಗೆ ಕೊಡುತ್ತೇವೆ. ಆಡುವವಳ ಕಣ್ಣು ಚೆಂಡಿನ ಮೇಲೆ ಮತ್ತು ತನ್ನ ಮುಂದಿನ ಎರಡು ಹೆಜ್ಜೆಗಳ ಮೇಲೆ ಇರುತ್ತದೆ. ಕೋಚ್ ಆದವಳು ಚೆಂಡಿಲ್ಲದ ಒಂಬತ್ತು ಜನರನ್ನು ಏಕಕಾಲಕ್ಕೆ ನೋಡಬೇಕು, ಬುಟ್ಟಿಗೆ ಹೊಡೆಯಲು ಇರುವ 24 ಸೆಕೆಂಡಿನ ಗಡಿಯಾರವನ್ನು ನೋಡಬೇಕು, ಯಾರು ದಣಿದಿದ್ದಾರೆ, ಯಾರು ಹೆದರಿದ್ದಾರೆ ಎಂದು ತಿಳಿಯಬೇಕು, ಆಮೇಲೆ ಅದನ್ನೆಲ್ಲ ಅರವತ್ತು ಸೆಕೆಂಡಿನ ಟೈಮ್ ಔಟ್‌ನಲ್ಲಿ ಎರಡು ವಾಕ್ಯಕ್ಕೆ ಇಳಿಸಿ ಹೇಳಬೇಕು. ಈ ನೋಟದ ಬದಲಾವಣೆಗೆ ಕಾಲ ಬೇಕು, ಆ ಕಾಲವನ್ನು ಕಳೆಯಲು ಸರಿಯಾದ ಜಾಗವೂ ಬೇಕು. ಹ್ಯಾಮನ್ ಅವರಿಗೆ ಗಾಯ ಕಾಲವನ್ನು ಕೊಟ್ಟಿತು, ಪೊಪೊವಿಚ್ ಜಾಗವನ್ನು ಕೊಟ್ಟರು. ಎರಡರಲ್ಲಿ ಒಂದು ಇಲ್ಲದಿದ್ದರೂ 2014ರ ನೇಮಕ ಆಗುತ್ತಿರಲಿಲ್ಲ ಎಂದೇ ನನಗೆ ಅನ್ನಿಸುತ್ತದೆ.

ಸಹಾಯಕಿಯಾಗಿ ಎಂಟು ಋತು

ಎನ್‌ಬಿಎಯಲ್ಲಿ ಸಹಾಯಕ ಕೋಚ್‌ನ ಕೆಲಸ ಹೆಚ್ಚಾಗಿ ಕಣ್ಣಿಗೆ ಕಾಣದ ಕೆಲಸ. ಎದುರಾಳಿ ತಂಡಗಳನ್ನು ಸಹಾಯಕರ ನಡುವೆ ಹಂಚಲಾಗುತ್ತದೆ. ತನ್ನ ಪಾಲಿನ ತಂಡದ ಇತ್ತೀಚಿನ ಪಂದ್ಯಗಳನ್ನು ನೋಡಿ, ಅವರು ಹೆಚ್ಚಾಗಿ ಬಳಸುವ ಪಟ್ಟುಗಳನ್ನು ಗುರುತಿಸಿ, ಯಾರನ್ನು ಎಡಗೈ ಕಡೆಗೆ ತಳ್ಳಬೇಕು, ಯಾರಿಗೆ ದೂರದಿಂದ ಹೊಡೆಯಲು ಬಿಡಬಹುದು ಎಂಬುದನ್ನು ತಂಡದ ಮುಂದೆ ಚುಟುಕಾಗಿ ಮಂಡಿಸುವುದು ಆ ಸಹಾಯಕರ ಹೊಣೆ. ಜೊತೆಗೆ ಅಭ್ಯಾಸದ ಮೊದಲು, ನಂತರ ಒಬ್ಬೊಬ್ಬ ಆಟಗಾರನ ಜೊತೆ ಪ್ರತ್ಯೇಕವಾಗಿ ದುಡಿಯಬೇಕು. ಹ್ಯಾಮನ್ ಈ ಕೆಲಸದಲ್ಲಿ ಎಂಟು ಋತು ಕಳೆದರು. 2015ರ ಜುಲೈನಲ್ಲಿ ಲಾಸ್ ವೇಗಸ್‌ನ ಬೇಸಿಗೆ ಲೀಗ್‌ಗೆ ಸ್ಪರ್ಸ್‌ನ ಯುವ ತಂಡವನ್ನು ಮುಖ್ಯ ಕೋಚ್ ಆಗಿ ಕರೆದೊಯ್ದು ಪ್ರಶಸ್ತಿ ಗೆದ್ದರು. 2020ರ ಡಿಸೆಂಬರ್ 30ರಂದು ಲೇಕರ್ಸ್ ಎದುರಿನ ಪಂದ್ಯದಲ್ಲಿ ಪೊಪೊವಿಚ್ ಅವರನ್ನು ಅಂಪೈರ್‌ಗಳು ಹೊರಗೆ ಕಳಿಸಿದಾಗ ಉಳಿದ ಪಂದ್ಯವನ್ನು ಹ್ಯಾಮನ್ ನಡೆಸಿದರು. ಎನ್‌ಬಿಎಯ ಅಧಿಕೃತ ಪಂದ್ಯವೊಂದರಲ್ಲಿ ಮಹಿಳೆಯೊಬ್ಬರು ಮುಖ್ಯ ಕೋಚ್ ಸ್ಥಾನದಲ್ಲಿ ನಿಂತದ್ದು ಅದೇ ಮೊದಲು. ಸ್ಪರ್ಸ್ ಆ ಪಂದ್ಯ ಸೋತಿತು.

ಇಷ್ಟಾದರೂ ಎನ್‌ಬಿಎಯ ಮುಖ್ಯ ಕೋಚ್ ಹುದ್ದೆ ಅವರಿಗೆ ಸಿಗಲಿಲ್ಲ. ಕೆಲವು ತಂಡಗಳು ಸಂದರ್ಶನ ಮಾಡಿದವು. 2021ರಲ್ಲಿ ಪೋರ್ಟ್‌ಲ್ಯಾಂಡ್ ತಂಡದ ಆಯ್ಕೆಯ ಕೊನೆಯ ಹಂತದವರೆಗೆ ಅವರ ಹೆಸರಿತ್ತು. ಹುದ್ದೆ ಹೋದದ್ದು ಒಂದೇ ಒಂದು ಋತು ಸಹಾಯಕ ಕೋಚ್ ಆಗಿದ್ದ ಮಾಜಿ ಆಟಗಾರ ಚಾನ್ಸಿ ಬಿಲಪ್ಸ್ ಅವರಿಗೆ. ಏಳು ಋತುಗಳ ದುಡಿಮೆ ಒಂದು ಋತುವಿನ ಎದುರು ಹಗುರವಾಗಿ ಕಂಡ ಈ ಸಂಗತಿಯನ್ನು ನಮ್ಮ ಹುಡುಗಿಯರಿಂದ ಬಚ್ಚಿಡುವುದು ಸರಿಯಲ್ಲ. ಬಾಗಿಲು ಒಮ್ಮೆ ತೆರೆದರೆ ಮುಂದಿನದೆಲ್ಲ ತಾನಾಗಿ ತೆರೆಯುತ್ತದೆ ಎಂಬ ಭರವಸೆ ಕೊಟ್ಟು ಅವರನ್ನು ಈ ದಾರಿಗೆ ಕಳಿಸಿದರೆ ಅದು ಮೋಸವಾಗುತ್ತದೆ.

ಲಾಸ್ ವೇಗಸ್

2021ರ ಕೊನೆಯ ದಿನ ಡಬ್ಲ್ಯುಎನ್‌ಬಿಎಯ ಲಾಸ್ ವೇಗಸ್ ಏಸಸ್ ತಂಡ ಹ್ಯಾಮನ್ ಅವರನ್ನು ಮುಖ್ಯ ಕೋಚ್ ಎಂದು ಪ್ರಕಟಿಸಿತು. ಅವರು ತುಂಬಿದ್ದು, 2008ರ ಫೈನಲ್‌ನಲ್ಲಿ ತಮ್ಮ ತಂಡವನ್ನು ಸೋಲಿಸಿದ್ದ ಅದೇ ಬಿಲ್ ಲಾಂಬೀರ್ ಅವರ ಜಾಗವನ್ನು. ಲಾಂಬೀರ್ ಕೂಡ ಡೆಟ್ರಾಯ್ಟ್ ಪಿಸ್ಟನ್ಸ್‌ನಲ್ಲಿ ಎರಡು ಎನ್‌ಬಿಎ ಪ್ರಶಸ್ತಿ ಗೆದ್ದು ಕೋಚ್ ಆದವರು, ಬುಟ್ಟಿಯ ಹತ್ತಿರದ ಬಲದ ಆಟವನ್ನು ನಂಬಿದವರು. ಅವರ ಏಸಸ್ ದೂರದ ಗೆರೆಯ ಹೊರಗಿನಿಂದ ಹೊಡೆಯುವ ಮೂರು ಅಂಕದ ಹೊಡೆತಗಳನ್ನು ಕಡಿಮೆ ಬಳಸುತ್ತಿತ್ತು. ಹ್ಯಾಮನ್ ಅದೇ ಆಟಗಾರ್ತಿಯರನ್ನು ಇಟ್ಟುಕೊಂಡು ಅಂಗಳವನ್ನು ಅಗಲಿಸಿದರು. ಬುಟ್ಟಿಯ ಬಳಿ ನಿಲ್ಲುತ್ತಿದ್ದ ಏಜಾ ವಿಲ್ಸನ್ ಗೆರೆಯ ಹೊರಗಿನಿಂದ ಹೊಡೆಯತೊಡಗಿದರು, ಹಿಂದಿನ ಋತುವಿನಲ್ಲಿ ಬದಲಿಯಾಗಿ ಬರುತ್ತಿದ್ದ ಕೆಲ್ಸಿ ಪ್ಲಮ್ ಮೊದಲ ಐವರಲ್ಲಿ ಬಂದರು, ಚೆಂಡು ಹೆಚ್ಚು ಕೈಗಳನ್ನು ದಾಟತೊಡಗಿತು. ಸ್ಪರ್ಸ್ ಕೋಣೆಯಲ್ಲಿ ಕಂಡದ್ದು ಇಲ್ಲಿ ಬಳಕೆಗೆ ಬಂತು. 2022ರಲ್ಲಿ 26 ಗೆಲುವು, 10 ಸೋಲು, ಆ ತಂಡದ ಮೊದಲ ಪ್ರಶಸ್ತಿ, ಹ್ಯಾಮನ್ ಅವರಿಗೆ ವರ್ಷದ ಕೋಚ್ ಗೌರವ. 2023ರಲ್ಲಿ 34 ಗೆಲುವು, 6 ಸೋಲು, ಮತ್ತೆ ಪ್ರಶಸ್ತಿ. ಲೀಗ್‌ನಲ್ಲಿ ಸತತ ಎರಡು ವರ್ಷ ಗೆದ್ದ ತಂಡ 2002ರ ನಂತರ ಇದೇ. ಆ ವರ್ಷ ಪೊಪೊವಿಚ್ ಅವರೊಂದಿಗೆ ಹ್ಯಾಮನ್ ಕೂಡ ಬ್ಯಾಸ್ಕೆಟ್‌ಬಾಲ್‌ನ ಶ್ರೇಷ್ಠರ ಗೌರವ ಪಟ್ಟಿಯಾದ ನೈಸ್ಮಿತ್ ಹಾಲ್ ಆಫ್ ಫೇಮ್‌ಗೆ ಸೇರಿದರು.

ಪ್ರಕರಣವನ್ನು ಪೂರ್ತಿಯಾಗಿ ಬರೆಯುವುದಾದರೆ 2023ರ ಇನ್ನೊಂದು ಘಟನೆಯನ್ನೂ ಬರೆಯಬೇಕು. ತಂಡದಿಂದ ಬೇರೆಡೆಗೆ ವರ್ಗವಾದ ಡಿಯಾರಿಕಾ ಹ್ಯಾಂಬಿ, ತಾನು ಗರ್ಭಿಣಿಯಾಗಿದ್ದ ಕಾರಣಕ್ಕೆ ತನ್ನನ್ನು ಸರಿಯಾಗಿ ನಡೆಸಿಕೊಳ್ಳಲಿಲ್ಲ ಎಂದು ಆರೋಪಿಸಿದರು. ತನಿಖೆಯ ನಂತರ ಲೀಗ್, ಗರ್ಭಧಾರಣೆಯ ಕುರಿತ ಮಾತುಗಳು ಕೆಲಸದ ಸ್ಥಳದ ಗೌರವದ ನಿಯಮವನ್ನು ಮೀರಿವೆ ಎಂದು ಹ್ಯಾಮನ್ ಅವರನ್ನು ಎರಡು ಪಂದ್ಯಗಳಿಗೆ ವೇತನವಿಲ್ಲದೆ ಅಮಾನತು ಮಾಡಿತು. ಹ್ಯಾಮನ್ ಆರೋಪವನ್ನು ಅಲ್ಲಗಳೆದರು. ಯಾರು ಏನು ಹೇಳಿದರು ಎಂಬ ತೀರ್ಪು ನನ್ನ ಕೆಲಸವಲ್ಲ. ಆದರೆ ಹುಡುಗಿಯರ ತಂಡ ನಡೆಸುವ ನಾವೆಲ್ಲರೂ, ಹೆಂಗಸರೇ ಆಗಿರಲಿ ಗಂಡಸರೇ ಆಗಿರಲಿ, ಮದುವೆ, ಬಸಿರು, ಮುಟ್ಟು ಮುಂತಾದ ವಿಷಯಗಳಲ್ಲಿ ಆಡುವ ಮಾತಿಗೆ ಹೊಣೆಗಾರರು ಎಂಬುದು ಇಲ್ಲಿ ಎದ್ದು ಕಾಣುತ್ತದೆ. ನಮ್ಮ ಜಿಲ್ಲೆಗಳಲ್ಲಿ ಇಂಥ ಮಾತು ದೂರಿನ ರೂಪ ತಾಳುವುದೇ ಇಲ್ಲ, ಹುಡುಗಿ ಸುಮ್ಮನೆ ಮೈದಾನಕ್ಕೆ ಬರುವುದನ್ನು ನಿಲ್ಲಿಸುತ್ತಾಳೆ.

2024ರಲ್ಲಿ ತಂಡ ಸೆಮಿಫೈನಲ್‌ನಲ್ಲಿ ಸೋತಿತು. 2025ರ ಆಗಸ್ಟ್ 2ರಂದು ತವರಿನ ಅಂಗಳದಲ್ಲೇ ಮಿನ್ನೆಸೋಟ ಲಿಂಕ್ಸ್ ಎದುರು 53 ಅಂಕಗಳ ಸೋಲು ಬಂದಾಗ ಏಸಸ್‌ನ ಲೆಕ್ಕ 14 ಗೆಲುವು, 14 ಸೋಲು. ಅಲ್ಲಿಂದ ಮುಂದೆ ಲೀಗ್ ಹಂತದ ಉಳಿದ 16 ಪಂದ್ಯಗಳನ್ನೂ ಗೆದ್ದು, ಫೈನಲ್‌ನಲ್ಲಿ ಫೀನಿಕ್ಸ್ ಮರ್ಕ್ಯುರಿಯನ್ನು ನಾಲ್ಕಕ್ಕೆ ನಾಲ್ಕು ಪಂದ್ಯಗಳಲ್ಲಿ ಸೋಲಿಸಿ, ಅವರು ನಾಲ್ಕು ವರ್ಷಗಳಲ್ಲಿ ಮೂರನೆಯ ಪ್ರಶಸ್ತಿ ಪಡೆದರು. ಈ ತಿರುವಿನಲ್ಲಿ ಜ್ಯುವೆಲ್ ಲಾಯ್ಡ್‌ನಂಥ ಹೆಸರಾಂತ ಆಟಗಾರ್ತಿ ಮೊದಲ ಐವರ ಸ್ಥಾನ ಬಿಟ್ಟು ಬೆಂಚಿನಿಂದ ಬರುವ ಪಾತ್ರವನ್ನು ಒಪ್ಪಿಕೊಂಡದ್ದೂ ಸೇರಿದೆ. ಬೆಂಚಿನಲ್ಲಿ ಕಾದು ಬೆಳೆದ ಕೋಚ್ ಇದ್ದ ತಂಡದಲ್ಲಿ ಆ ಒಪ್ಪಿಗೆ ಸುಲಭವಾಗಿರಬಹುದು ಎಂದು ನಾನು ಊಹಿಸುತ್ತೇನೆ, ಅದಕ್ಕಿಂತ ಹೆಚ್ಚಿಗೆ ಹೇಳಲಾರೆ.

ಕಲಬುರಗಿಯಲ್ಲಿ ಇದರ ಬಳಕೆ

ಕಲಬುರಗಿ ಸ್ಯಾನ್ ಆಂಟೋನಿಯೊ ಅಲ್ಲ ಎಂಬ ಆಕ್ಷೇಪ ಸಹಜ. ನಮ್ಮಲ್ಲಿ ವೃತ್ತಿಪರ ತಂಡವಿಲ್ಲ. ಬಹುಪಾಲು ಅಂಗಳಗಳು ತೆರೆದ ಕಾಂಕ್ರೀಟ್ ನೆಲದವು, ಏಪ್ರಿಲ್ ಮೇ ತಿಂಗಳಲ್ಲಿ ಉಷ್ಣಾಂಶ 42 ಡಿಗ್ರಿ ಮುಟ್ಟುವಾಗ ಬೆಳಿಗ್ಗೆ ಎಂಟರ ಒಳಗೆ ಅಭ್ಯಾಸ ಮುಗಿಸಬೇಕು. ಮೊಣಕಾಲಿನ ಶಸ್ತ್ರಚಿಕಿತ್ಸೆ ಎಂದರೆ ಇಂದಿಗೂ ಅನೇಕ ಮನೆಗಳು ಸೊಲ್ಲಾಪುರ ಅಥವಾ ಹೈದರಾಬಾದಿನ ದಾರಿ ಹಿಡಿಯುತ್ತವೆ, ನಂತರದ ತಿಂಗಳುಗಟ್ಟಲೆ ಫಿಸಿಯೊಥೆರಪಿಗೆ ಹಣವೂ ಇರುವುದಿಲ್ಲ, ಕರೆದೊಯ್ಯುವವರೂ ಇರುವುದಿಲ್ಲ. ಎಸಿಎಲ್ ಗಾಯ ಹುಡುಗರಿಗಿಂತ ಹುಡುಗಿಯರಲ್ಲಿ ಹಲವು ಪಟ್ಟು ಹೆಚ್ಚು, ಜಿಗಿದು ಇಳಿಯುವಾಗ ಮೊಣಕಾಲು ಒಳಕ್ಕೆ ಬಾಗುವುದು ಅದರ ಮುಖ್ಯ ಕಾರಣಗಳಲ್ಲೊಂದು, ಸರಿಯಾಗಿ ಇಳಿಯುವುದನ್ನು ಮತ್ತು ತೊಡೆಯ ಹಿಂಭಾಗದ ಬಲವನ್ನು ರೂಢಿಸುವ ಹದಿನೈದು ಇಪ್ಪತ್ತು ನಿಮಿಷದ ವ್ಯಾಯಾಮವನ್ನು ಪ್ರತಿ ಅಭ್ಯಾಸದ ಮೊದಲು ಮಾಡಿಸಿದರೆ ಅಪಾಯ ಗಣನೀಯವಾಗಿ ಇಳಿಯುತ್ತದೆ. ಇದಕ್ಕೆ ಉಪಕರಣ ಬೇಕಿಲ್ಲ. ಇದನ್ನು ಮಾಡಿಸದೆ ಬೇರೆ ಯಾವ ಯೋಜನೆಯನ್ನೂ ಹಾಕಬಾರದು ಎಂದು ಒತ್ತಾಯದಿಂದಲೇ ಹೇಳುತ್ತೇನೆ.

ಆದರೆ ಹ್ಯಾಮನ್ ಅವರಿಗೆ ಸಿಕ್ಕ ಮುಖ್ಯ ವಸ್ತುವಿಗೆ ವೃತ್ತಿಪರ ಲೀಗ್ ಬೇಕಾಗಿಲ್ಲ. ಅದು ಕೋಚ್‌ನ ಪಕ್ಕದ ಒಂದು ಕುರ್ಚಿ, ಅಲ್ಲಿ ಕೂತವಳಿಗೆ ಮಾತನಾಡುವ ಹಕ್ಕು. ನಮ್ಮಲ್ಲಿ ಗಾಯಗೊಂಡ ಹುಡುಗಿಗೆ ನೀರಿನ ಬಾಟಲಿ ಮತ್ತು ಬ್ಯಾಗು ಕಾಯುವ ಕೆಲಸ ಸಿಗುತ್ತದೆ, ಸ್ವಲ್ಪ ದಿನಕ್ಕೆ ಅವಳು ಬರುವುದನ್ನು ಬಿಡುತ್ತಾಳೆ. ಜೇವರ್ಗಿಯ ಹುಡುಗಿಯ ವಿಷಯದಲ್ಲಿ ನಾವು ಬೇರೆ ಏರ್ಪಾಡು ಮಾಡಿದೆವು. ಪಂದ್ಯಗಳ ಮೊಬೈಲ್ ವಿಡಿಯೊಗಳನ್ನು ಅವಳಿಗೆ ಕೊಡಲಾಯಿತು. ಮುಂದಿನ ಎದುರಾಳಿ ಕಾಲೇಜಿನ ಗಾರ್ಡ್ ಯಾವ ಕೈಯಲ್ಲಿ ಡ್ರಿಬಲ್ ಮಾಡುತ್ತಾಳೆ, ಒತ್ತಡ ಬಂದಾಗ ಯಾರಿಗೆ ಪಾಸ್ ಕೊಡುತ್ತಾಳೆ, ನಮ್ಮವರು ಎಲ್ಲಿ ನಿಲ್ಲದೆ ಜಾಗ ಬಿಟ್ಟರು ಎಂದು ಅವಳು ಒಂದು ನೋಟ್‌ಬುಕ್‌ನಲ್ಲಿ ಬರೆದು ತಂಡದ ಮುಂದೆ ಓದಬೇಕು. ಟೈಮ್ ಔಟ್‌ನಲ್ಲಿ ಮೊದಲ ಮಾತು ಅವಳದು. ಮೊದಮೊದಲು ಅವಳ ಟಿಪ್ಪಣಿಗಳು ಯಾರು ತಪ್ಪು ಮಾಡಿದರು ಎಂಬ ಪಟ್ಟಿಯಂತಿದ್ದವು, ಜೊತೆಯವರು ಮುನಿಸಿಕೊಂಡರು. ತಪ್ಪಾದ ಕ್ಷಣಕ್ಕಿಂತ ಮೂರು ಸೆಕೆಂಡು ಹಿಂದೆ ಹೋಗಿ ಕಾರಣ ಹುಡುಕಿ ಬರೆಯಲು ಹೇಳಿದ ಮೇಲೆ ಬರಹವೂ ಬದಲಾಯಿತು, ಅವಳನ್ನು ಕೇಳುವವರ ಮುಖವೂ ಬದಲಾಯಿತು.

ಇದನ್ನು ಒಂದು ಕಾಲೇಜಿನ ಸದಿಚ್ಛೆಯಾಗಿ ಬಿಟ್ಟರೆ ಅದು ಉಳಿಯುವುದಿಲ್ಲ. ಇಲ್ಲಿ ಹುಡುಗಿಯೊಬ್ಬಳು ಕೋಚ್ ಆಗಬೇಕಾದರೆ ಕಾಣುವ ದಾರಿಗಳು ಎರಡು: ಪದವಿಯ ನಂತರ ಗುಲಬರ್ಗಾ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿ ದೈಹಿಕ ಶಿಕ್ಷಣದ ಪದವಿಯಾದ ಬಿಪಿಎಡ್ ಮಾಡಿ ಶಿಕ್ಷಕಿಯಾಗುವುದು, ಇಲ್ಲವೇ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಎನ್‌ಐಎಸ್‌ನ ಕೋಚಿಂಗ್ ಡಿಪ್ಲೊಮಾ ಪಡೆಯುವುದು. ಸಂವಿಧಾನದ 371ಜೆ ವಿಧಿಯ ಅಡಿಯ ಸ್ಥಳೀಯ ಮೀಸಲಾತಿಯಿಂದ ಮೊದಲ ದಾರಿಗೆ ಈ ಭಾಗದಲ್ಲಿ ಒಂದಿಷ್ಟು ಬಲ ಬಂದಿದೆ. ಎರಡೂ ದಾರಿಗಳಿಗೆ ಮೊದಲು, ಹತ್ತೊಂಬತ್ತು ಇಪ್ಪತ್ತರ ವಯಸ್ಸಿನಲ್ಲಿ, ನಾನು ಇದನ್ನು ಮಾಡಬಲ್ಲೆ ಎಂದು ಹುಡುಗಿಗೇ ಗೊತ್ತಾಗುವ ಒಂದು ಹಂತ ಬೇಕು. ಆ ಹಂತ ಈಗ ಎಲ್ಲೂ ಇಲ್ಲ. ಜಿಲ್ಲಾ ಮತ್ತು ವಿಭಾಗ ಮಟ್ಟದ ಕೂಟಗಳಲ್ಲಿ ಪ್ರತಿ ಹುಡುಗಿಯರ ತಂಡದ ಜೊತೆ ಒಬ್ಬ ವಿದ್ಯಾರ್ಥಿನಿ ಸಹಾಯಕ ಕೋಚ್ ಇರಬೇಕು, ಆಕೆಗೂ ಪ್ರಯಾಣ ಭತ್ಯೆ, ಊಟ, ಪ್ರಮಾಣಪತ್ರ ಸಿಗಬೇಕು ಎಂಬ ನಿಯಮ ಬಂದರೆ ಕೆಲವೇ ವರ್ಷಗಳಲ್ಲಿ ಫಲ ಕಾಣುತ್ತದೆ. ಹ್ಯಾಮನ್ ಅವರ ಪಕ್ಕದಲ್ಲಿ ಮೂರು ಋತು ಸಹಾಯಕ ಕೋಚ್ ಆಗಿದ್ದ ನಟಾಲಿ ನಕಾಸೆ 2025ರಲ್ಲಿ ಗೋಲ್ಡನ್ ಸ್ಟೇಟ್ ವಾಲ್ಕಿರೀಸ್ ಎಂಬ ಹೊಸ ತಂಡವನ್ನು ಮೊದಲ ವರ್ಷವೇ ಪ್ಲೇಆಫ್‌ಗೆ (ಪ್ರಶಸ್ತಿಗಾಗಿ ನಡೆಯುವ ನಾಕೌಟ್ ಹಂತಕ್ಕೆ) ಒಯ್ದು ವರ್ಷದ ಕೋಚ್ ಆದದ್ದು ಇದೇ ಪಕ್ಕದ ಕುರ್ಚಿಯ ಫಲ.

ನಮ್ಮ ಹುಡುಗಿಯ ಶಸ್ತ್ರಚಿಕಿತ್ಸೆ ಆಗಿದೆ. ಮತ್ತೆ ಆಡುತ್ತೇನೆ ಎಂದು ಅವಳು ಹೇಳುತ್ತಾಳೆ, ವೈದ್ಯರು ಬೇಡವೆಂದಿಲ್ಲ. ಮುಂದಿನ ಅಂತರ ಕಾಲೇಜು ಪಂದ್ಯಾವಳಿಗೆ ಅವಳ ಪಾಲಿಗೆ ಬಂದಿರುವುದು ಬೀದರ್ ಮತ್ತು ಯಾದಗಿರಿಯ ತಂಡಗಳ ಅಧ್ಯಯನ, ಎರಡರ ವಿಡಿಯೊಗಳೂ ಅವಳ ಕೈ ಸೇರಿವೆ.